ಏಸಾವನ ಅಳು: ಒಬ್ಬೊಬ್ಬ ಮಗುವಿಗೂ ಒಂದು ಆಶೀರ್ವಾದ

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ. ಇವತ್ತು ಸಂಡೇ ಸ್ಕೂಲ್ ಮಕ್ಕಳನ್ನ ಮೇಲಿನ ಹಾಲ್‌ಗೆ ಕಳಿಸಿಲ್ಲ, ಇಲ್ಲೇ ಕೂರಿಸಿಕೊಂಡಿದ್ದೇವೆ. ಸ್ವಲ್ಪ ಗಲಾಟೆ ಆಗುತ್ತೆ. ಆಗಲಿ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತೆ.

ಆದಿಕಾಂಡ 27ನೇ ಅಧ್ಯಾಯ ತೆರೆಯಿರಿ. ಮೊಬೈಲ್‌ನಲ್ಲಿ ತೆರೆಯೋರು ತೆರೀರಿ, ವಾಟ್ಸಾಪ್ ಮಾತ್ರ ಬೇಡ. 30ರಿಂದ 38ನೇ ವಚನದ ತನಕ ಮನಸ್ಸಿನಲ್ಲೇ ಓದಿಕೊಳ್ಳಿ. ನಾನು ಸ್ವಲ್ಪ ಸುಮ್ಮನಿರ್ತೀನಿ.

ಓದಿದ್ರಾ? ಕಥೆ ನಿಮಗೆ ಗೊತ್ತಿರೋದೇ. ಇಸಾಕನಿಗೆ ಕಣ್ಣು ಮಂಜಾಗಿದೆ. ಯಾಕೋಬ ಮೇಕೆ ಚರ್ಮ ಸುತ್ತಿಕೊಂಡು, ಅಣ್ಣನ ಬಟ್ಟೆ ಹಾಕಿಕೊಂಡು ಬಂದು ಆಶೀರ್ವಾದ ತಗೊಂಡು ಹೋದ. ಅವನು ಬಾಗಿಲು ದಾಟಿದ್ದೇ ತಡ, ಏಸಾವ ಬೇಟೆ ಮುಗಿಸಿ, ಅಡುಗೆ ಮಾಡಿ, ತಟ್ಟೆ ಹಿಡಿದು ಒಳಗೆ ಬಂದ. ಮುದುಕ ತಂದೆ ಗಡಗಡ ನಡುಗಿಬಿಟ್ಟ. ಆಮೇಲೆ ಏಸಾವ ಕೂಗಿದ. ಸಾಮಾನ್ಯ ಕೂಗಲ್ಲ ಅದು. ನನ್ನನ್ನೂ ಆಶೀರ್ವದಿಸಪ್ಪಾ ಅಂತ ಬೇಡಿಕೊಂಡ. ಕೊನೆಗೆ ಒಂದು ಪ್ರಶ್ನೆ ಕೇಳಿದ: ಅಪ್ಪಾ, ನಿನ್ನ ಹತ್ತಿರ ಇರೋದು ಒಂದೇ ಆಶೀರ್ವಾದವಾ? ಕೇಳಿ, ಗಟ್ಟಿಯಾಗಿ ಅತ್ತುಬಿಟ್ಟ.

ಆಗ ಏಸಾವನ ವಯಸ್ಸೆಷ್ಟು ಗೊತ್ತಾ? ಒಂದು ಅಧ್ಯಾಯ ಹಿಂದೆ ಹೋಗಿ, 26:34. ನಲವತ್ತನೇ ವಯಸ್ಸಿನಲ್ಲಿ ಮದುವೆಯಾದ ಅಂತ ಇದೆ. ಅಂದರೆ ಇಲ್ಲಿ ಅಳ್ತಾ ಇರೋದು ಚಿಕ್ಕ ಹುಡುಗ ಅಲ್ಲ. 40 ದಾಟಿದ ಗಂಡಸು, ಬೇಟೆಗಾರ, ಇಬ್ಬರು ಹೆಂಡತಿಯರ ಯಜಮಾನ. ಅವನು ಅಪ್ಪನ ಮಂಚದ ಪಕ್ಕ ನಿಂತು ಅಳ್ತಾ ಇದ್ದಾನೆ.

ನಾವು ಪೆಂಟೆಕೋಸ್ಟಲ್ ಬೋಧಕರು ಈ ಅಧ್ಯಾಯದ ಮೇಲೆ ಎಷ್ಟೋ ಸಂದೇಶ ಕೊಟ್ಟಿದ್ದೇವೆ. ಎಲ್ಲಾ ಯಾಕೋಬನ ಕಡೆಯಿಂದ. ನಾನೂ ಕೊಟ್ಟಿದ್ದೀನಿ. ಏಸಾವ ಹೊಟ್ಟೆಪಾಡಿಗೆ ಚೊಚ್ಚಲತನ ಮಾರಿದವನು, ಇಬ್ರಿಯ 12ನೇ ಅಧ್ಯಾಯ ಅವನನ್ನು ಎಚ್ಚರಿಕೆಯ ಉದಾಹರಣೆಯಾಗಿ ಇಟ್ಟಿದೆ. ಅದರಲ್ಲಿ ಒಂದಕ್ಷರ ನಾನು ಅಳಿಸಲ್ಲ. ಆದರೆ ಪವಿತ್ರಾತ್ಮನು ಈ ಅಳುವನ್ನೂ ಬರೆಸಿಟ್ಟಿದ್ದಾನಲ್ಲ? ಕೆಟ್ಟ ಮಗ ಅತ್ತರೆ ಏನಂತೆ ಅಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ಇವತ್ತು ಈ ಅಳುವಿನ ಹತ್ತಿರ ಸ್ವಲ್ಪ ಹೊತ್ತು ಕೂತಿರೋಣ. ಯಾಕಂದ್ರೆ ನನಗೆ ಗೊತ್ತು, ಇಲ್ಲಿ ಕೂತಿರೋ ಎಷ್ಟೋ ಜನರ ಎದೆಯಲ್ಲಿ ಈ ಪ್ರಶ್ನೆ ಇದೆ. ಒಳ್ಳೆ ಕೆಲಸ, ಒಳ್ಳೆ ಸಂಬಳ, ಟೂ ಬೆಡ್‌ರೂಮ್ ಫ್ಲ್ಯಾಟ್. ಊರಿಗೆ ಹೋದಾಗ ಅಮ್ಮ ತಮ್ಮನ ಬಗ್ಗೆ ಮಾತಾಡೋ ಧ್ವನಿಯೇ ಬೇರೆ, ನಿಮ್ಮ ಜೊತೆ ಮಾತಾಡೋ ಧ್ವನಿಯೇ ಬೇರೆ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಚಿಕ್ಕ ವಿಷಯ ಅಂತಾರೆ. ಇನ್ನು ಕೆಲವರು ಈಗ ತಾನೇ ಅಪ್ಪ ಅಮ್ಮ ಆಗಿದ್ದೀರಿ, ಎರಡನೇ ಮಗು ಬಂದಿದೆ. ಮದುವೆ ಆಗದವರು ಸಂಡೇ ಸ್ಕೂಲ್ ಕಲಿಸ್ತಾ ಇದ್ದೀರಿ. ಈ ವಾಕ್ಯ ಎಲ್ಲರಿಗೂ.

ಈ ಮನೆ ಈ ಗತಿಗೆ ಹೇಗೆ ಬಂತು? 25:27 ಮತ್ತು 28 ನೋಡಿ. ಹುಡುಗರು ಬೆಳೆದರು. ಒಬ್ಬ ಕಾಡಿನ ಮನುಷ್ಯ, ಇನ್ನೊಬ್ಬ ಗುಡಾರದ ಮನುಷ್ಯ. ತಂದೆಗೆ ಏಸಾವನ ಮೇಲೆ ಪ್ರೀತಿ, ಯಾಕೆ ಅಂತಲೂ ಬರೆದಿದೆ: ಅವನು ತಂದ ಬೇಟೆ ಮಾಂಸ ರುಚಿಯಾಗಿತ್ತು. ತಾಯಿಗೆ ಯಾಕೋಬನ ಮೇಲೆ ಪ್ರೀತಿ.

ಈ ವಚನವನ್ನ ಯೆಹೂದ್ಯರು ಹೇಗೆ ಓದ್ತಾರೆ ಅಂತ ಹುಡುಕ್ತಾ ಇದ್ದಾಗ ನನಗೆ ಒಬ್ಬ ರಬ್ಬಿ ಸಿಕ್ಕಿದರು. ಇಲ್ಲೊಂದು ಮಾತು ಹೇಳಿಬಿಡ್ತೀನಿ: ಯೆಹೂದ್ಯರ ಜ್ಞಾನ ಅಂದ ಕೂಡಲೇ ಯಾರೂ ನಾಳೆ ಆನ್‌ಲೈನ್‌ನಲ್ಲಿ ಶೋಫಾರ್ ಕೊಂಬು ಆರ್ಡರ್ ಮಾಡಬೇಡಿ. ನಾವು ಯೆಹೂದ್ಯರಾಗೋಕೆ ಹೊರಟಿಲ್ಲ. ಆದರೆ ನಮ್ಮ ಕೈಯಲ್ಲಿರೋ ಹಳೇ ಒಡಂಬಡಿಕೆಯನ್ನ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಓದಿಕೊಂಡು ಬಂದ ಜನ ಅವರು. ನಮ್ಮ ಕರ್ತನು ಬೆಳೆದದ್ದೂ ಅಂಥ ಒಂದು ಮನೆಯಲ್ಲೇ. ಕೇಳಿ ಕಲಿಯೋಕೆ ನಾಚಿಕೆ ಯಾಕೆ?

ಆ ರಬ್ಬಿ ಹೆಸರು ಸ್ಯಾಮ್ಸನ್ ರಫಾಯೆಲ್ ಹಿರ್ಶ್. 1808ರಲ್ಲಿ ಹುಟ್ಟಿ 1888ರಲ್ಲಿ ತೀರಿಕೊಂಡವರು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸಭೆ ನಡೆಸಿದರು, ಮಕ್ಕಳಿಗೆ ಶಾಲೆ ಕಟ್ಟಿದರು. ಪಂಚಗ್ರಂಥಗಳ ಮೇಲೆ ಅವರು ಬರೆದ ವ್ಯಾಖ್ಯಾನದಲ್ಲಿ ಈ ವಚನಕ್ಕೆ ಬಂದಾಗ ಧೈರ್ಯವಾಗಿ ಒಂದು ಮಾತು ಹೇಳ್ತಾರೆ. ಇಸಾಕ ರೆಬೆಕ್ಕ ಪಿತೃಗಳು, ದೊಡ್ಡವರು, ನಿಜ. ಆದರೆ ಮಕ್ಕಳ ವಿಷಯದಲ್ಲಿ ಎಡವಿದರು. ಎಲ್ಲಿ? ಹುಡುಗರು ಚಿಕ್ಕವರಿದ್ದಾಗ ಇಬ್ಬರೂ ಬೇರೆ ಬೇರೆ ಅನ್ನೋದನ್ನ ಯಾರೂ ಗಮನಿಸಲೇ ಇಲ್ಲ. ಬೆಳೆದು ನಿಂತ ಮೇಲೆ ಕಣ್ಣಿಗೆ ಬಿತ್ತು. ಅಲ್ಲಿಯ ತನಕ ಇಬ್ಬರಿಗೂ ಒಂದೇ ಪಾಠ, ಒಂದೇ ಬೆಂಚು, ಒಂದೇ ಕ್ರಮ. ಯಾಕೋಬನಿಗೆ ಅದು ಸರಿಹೋಯಿತು. ಏಸಾವ? ಈ ಪುಸ್ತಕ ಎಲ್ಲಾ ಯಾವತ್ತು ಬಿಸಾಕಿ ಹೊರಗೆ ಓಡ್ತೀನೋ ಅಂತ ಕಾಯ್ತಾ ಕೂತಿದ್ದ. ಪುಸ್ತಕದ ಜೊತೆ, ಅದು ಹೇಳಿಕೊಡ್ತಿದ್ದ ದೇವರನ್ನೂ ಬಿಸಾಕಿದ.

ಹಿರ್ಶ್ ಅಲ್ಲಿಗೇ ನಿಲ್ಲಿಸಲ್ಲ. ಈ ಹುಡುಗನ ಬಲ, ಚುರುಕು, ಧೈರ್ಯ ಇದನ್ನೆಲ್ಲ ದೇವರ ಸೇವೆಗೆ ಹೇಗೆ ಬಳಸಬಹುದು ಅಂತ ಅಪ್ಪ ಅಮ್ಮ ಮೊದಲೇ ಕೇಳಿಕೊಂಡಿದ್ದರೆ, ಏಸಾವ ಬರೀ ಬೇಟೆಗಾರ ಆಗ್ತಿರಲಿಲ್ಲ, ದೇವರ ಮುಂದೆ ಒಬ್ಬ ವೀರ ಆಗಿರ್ತಿದ್ದ ಅಂತ ಅವರ ವಾದ. ನೀವು ಒಪ್ಪಬಹುದು, ಬಿಡಬಹುದು. ದೇವರ ಆಯ್ಕೆ ಯಾಕೋಬನ ಮೇಲಿತ್ತು ಅನ್ನೋದು ರೋಮಾಪುರ 9ರಲ್ಲಿ ಇದೆ, ಅದು ನನಗೂ ಗೊತ್ತು. ಆದರೆ ದೇವರ ಆಯ್ಕೆಯನ್ನ ನೆಪ ಮಾಡಿಕೊಂಡು ನಾವು ನಮ್ಮ ಮಗುವನ್ನ ನೋಡದೇ ಇರೋ ಹಾಗಿಲ್ಲ.

ಹಿರ್ಶ್ ತಮ್ಮ ಮಾತಿಗೆ ಆಧಾರ ಮಾಡಿಕೊಂಡದ್ದು ಜ್ಞಾನೋಕ್ತಿ 22:6. ನಮ್ಮಲ್ಲಿ ಮಗು ಪ್ರತಿಷ್ಠೆ ಮಾಡುವಾಗ ಓದೋ ವಚನ, ಕ್ಯಾಲೆಂಡರ್ ಮೇಲೆಲ್ಲ ಇರುತ್ತೆ. ಮಗುವನ್ನ ಸರಿಯಾದ ದಾರಿಯಲ್ಲಿ ನಡೆಸು, ಮುಪ್ಪಿನಲ್ಲೂ ಬಿಡಲ್ಲ ಅನ್ನೋ ಅರ್ಥದಲ್ಲಿ ನಾವು ತಗೊಳ್ತೀವಿ. ಇಬ್ರಿಯ ಭಾಷೆಯಲ್ಲಿ ಅಲ್ಲಿರೋ ಪದ ದರ್ಕೋ. ಅಕ್ಷರಶಃ ಅವನ ದಾರಿ. ಆ ಮಗುವಿನ ದಾರಿ. ಯೆಹೂದಿ ಶಿಕ್ಷಕರು ಬಹಳ ಹಿಂದಿನಿಂದ ಈ ಪದವನ್ನ ಹಿಡಿದುಕೊಂಡಿದ್ದಾರೆ: ಪ್ರತಿ ಮಗುವಿಗೆ ಅದರ ಸ್ವಭಾವಕ್ಕೆ ತಕ್ಕ ಹಾಗೆ ಕಲಿಸಬೇಕು ಅಂತ. ಇದನ್ನ ಎಚ್ಚರಿಕೆಯಾಗಿ ಓದುವವರೂ ಇದ್ದಾರೆ, ಅವನನ್ನ ಅವನ ದಾರಿಗೇ ಬಿಟ್ಟರೆ ಮುಪ್ಪಿನಲ್ಲೂ ಅಲ್ಲೇ ಇರ್ತಾನೆ ಅಂತ. ಎರಡೂ ಅರ್ಥಕ್ಕೆ ಜಾಗ ಇದೆ. ಎರಡರಲ್ಲೂ ಒಂದು ಕೆಲಸ ಮೊದಲು ಮಾಡಲೇಬೇಕು, ಆ ಮಗುವಿನ ದಾರಿ ಯಾವುದು ಅಂತ ನೋಡಬೇಕು. ಇನ್ನೊಂದು ವಿಷಯ. ಆ ವಚನದ ಮೊದಲ ಪದದ ಧಾತುವೇ ಹನುಕ್ಕಾ ಹಬ್ಬದ ಹೆಸರಲ್ಲೂ ಇರೋದು. ಪ್ರತಿಷ್ಠೆ ಅಂತ ಅರ್ಥ. ಇವತ್ತಿಗೂ ಇಬ್ರಿಯದಲ್ಲಿ ಶಿಕ್ಷಣಕ್ಕೆ ಅದೇ ಧಾತುವಿನ ಹಿನೂಖ್ ಅನ್ನೋ ಪದ ಬಳಸ್ತಾರೆ.

ಈಗ ನನ್ನ ಮನೆ ವಿಷಯ. ನನಗೆ ಇಬ್ಬರು ಹೆಣ್ಣುಮಕ್ಕಳು. ನಾನು ಭೇದ ಮಾಡಲ್ಲ ಅಂತ ನನಗೆ ಬಹಳ ಹೆಮ್ಮೆ ಇತ್ತು. ಒಬ್ಬಳಿಗೆ ಏನು ತಂದರೂ ಇನ್ನೊಬ್ಬಳಿಗೂ ಅದೇ, ಅದೇ ಬ್ರ್ಯಾಂಡ್, ಅದೇ ರೇಟ್. ದೊಡ್ಡವಳು ಪುಸ್ತಕದ ಹುಳ. ಚಿಕ್ಕವಳಿಗೆ ಪುಸ್ತಕ ಅಂದ್ರೆ ಆಗಲ್ಲ, ಅವಳು ರಿಮೋಟ್ ಬಿಚ್ಚುತ್ತಾಳೆ, ಟಾರ್ಚ್ ಬಿಚ್ಚುತ್ತಾಳೆ, ಒಂದು ಸಲ ನನ್ನ ಕಾರ್ಡ್‌ಲೆಸ್ ಮೈಕ್ ಬಿಚ್ಚಿಟ್ಟಿದ್ದಳು. ಒಂದು ಕ್ರಿಸ್‌ಮಸ್‌ಗೆ ಇಬ್ಬರಿಗೂ ಒಂದೇ ಥರದ ಕಥೆಪುಸ್ತಕದ ಸೆಟ್ ತಂದೆ. ಚಿಕ್ಕವಳಿಗೆ ಆಗ ಏಳು ವರ್ಷ. ಕವರ್ ಬಿಚ್ಚಿ ನೋಡಿ, ನನ್ನ ಹತ್ತಿರ ಬಂದು ಕೇಳಿದಳು: "ಅಪ್ಪಾ, ಇದನ್ನ ನಂಗೇ ಅಂತ ತಂದ್ಯಾ, ಇಲ್ಲಾ ಅಕ್ಕಂಗೆ ತರೋವಾಗ ಎರಡು ತಂದ್ಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬೋಧಕ, ನನಗೆ ಯಾವಾಗಲೂ ಉತ್ತರ ಇರುತ್ತೆ. ಅವತ್ತು ಇರಲಿಲ್ಲ.

ಕೆಲವರು ಈಗ ಒಳಗೇ ಅಂದುಕೊಳ್ತಾ ಇದ್ದೀರಿ, ಪಾಸ್ಟರ್, ಬೇರೆ ಬೇರೆ ಥರ ನೋಡಿದ್ರೆ ಅದೇ ಪಕ್ಷಪಾತ ಆಗಲ್ವಾ ಅಂತ. ಒಳ್ಳೆ ಪ್ರಶ್ನೆ. ಯೆಹೂದ್ಯರ ತಾಲ್ಮುದ್‌ನಲ್ಲಿ ಈ ಭಯವೂ ಇದೆ. ಶಬ್ಬಾತ್ ಅನ್ನೋ ಭಾಗದಲ್ಲಿ ಒಂದು ಬುದ್ಧಿಮಾತು ಬರುತ್ತೆ: ಮಕ್ಕಳ ನಡುವೆ ಒಬ್ಬನನ್ನ ಮಾತ್ರ ಎತ್ತಿ ಹಿಡಿಯಬೇಡ. ಯಾಕೋಬ ಯೋಸೇಫನಿಗೆ ಉಳಿದವರಿಗಿಂತ ಎರಡು ಸೆಲಾ ತೂಕದಷ್ಟು ಒಳ್ಳೆ ಉಣ್ಣೆ ಹೆಚ್ಚಿಗೆ ಕೊಟ್ಟ, ಅಣ್ಣಂದಿರು ಹೊಟ್ಟೆಕಿಚ್ಚುಪಟ್ಟರು, ಅಲ್ಲಿಂದ ಶುರುವಾಗಿ ನಮ್ಮ ಪಿತೃಗಳು ಐಗುಪ್ತಕ್ಕೆ ಇಳಿದರು. ಎರಡು ಸೆಲಾ ಅಂದರೆ ಎಷ್ಟು? 30–40 ಗ್ರಾಂ. ಒಂದು ಜೊತೆ ಕಾಲುಚೀಲದ ತೂಕ! ಅಷ್ಟು ಉಣ್ಣೆಗೆ ಒಂದು ಜನಾಂಗ ದಾಸತ್ವಕ್ಕೆ ಹೋಯಿತು ಅಂತಾರೆ. ನಮ್ಮ ಹಿರಿಯರು ಹೇಳ್ತಿದ್ದರಲ್ಲ, ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಅದನ್ನೇ.

ಈ ಎರಡು ಮಾತೂ ಒಂದೇ ಸಂಪ್ರದಾಯದ್ದು. ಒಬ್ಬನನ್ನ ಎತ್ತಿ ಹಿಡಿಯಬೇಡ, ಆದರೆ ಒಬ್ಬೊಬ್ಬನನ್ನೂ ಅವನವನ ದಾರಿಯಲ್ಲಿ ನಡೆಸು. ನಾನು ಬಹಳ ದಿನ ಇವೆರಡೂ ಒಂದಕ್ಕೊಂದು ವಿರುದ್ಧ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಯಾಕೋಬ ಯೋಸೇಫನಿಗೆ ಅಂಗಿ ಕೊಟ್ಟದ್ದು ಅವನ ದಾರಿ ನೋಡಿ ಅಲ್ಲ. 37:3 ಓದಿ, ಮುಪ್ಪಿನಲ್ಲಿ ಹುಟ್ಟಿದವನು ಅಂತ. ಅದು ಅಪ್ಪನ ಮನಸ್ಸಿನ ಕಥೆ, ಮಗನ ಕಥೆ ಅಲ್ಲ. ಇಸಾಕ ಏಸಾವನನ್ನ ಪ್ರೀತಿಸಿದ್ದೂ ಹಾಗೇ, ತನ್ನ ನಾಲಿಗೆ ರುಚಿಗೆ. ಮೆಚ್ಚಿನ ಮಗ ಆಗಿದ್ದ ಏಸಾವನನ್ನೂ ಆ ಅಪ್ಪ ನೋಡಿರಲಿಲ್ಲ, ಪ್ರಿಯರೇ. ಮೆಚ್ಚಿನ ಮಗ ಆದ್ರೂ ನೋಡದ ಮಗನಾಗಿರಬಹುದು. ಮಾರ್ಕ್ಸ್ ತಂದಾಗ ಮಾತ್ರ ಮನೆಯಲ್ಲಿ ನಗು ಕಾಣೋ ಮಕ್ಕಳಿಗೆ ಇದು ಗೊತ್ತು. ನಮ್ಮ ಬೆಂಗಳೂರಿನಲ್ಲಿ ಮಾರ್ಕ್ಸೇ ಬೇಟೆ ಮಾಂಸ.

ಪಸ್ಕ ಹಬ್ಬದ ರಾತ್ರಿ ಯೆಹೂದಿ ಮನೆಗಳಲ್ಲಿ ಹಗ್ಗಾದಾ ಅನ್ನೋ ಪುಸ್ತಕ ಓದ್ತಾರೆ. ಅದರಲ್ಲಿ ನಾಲ್ಕು ಮಕ್ಕಳು ಬರ್ತಾರೆ. ಒಬ್ಬ ಜಾಣ, ಒಬ್ಬ ತುಂಟ ಅಲ್ಲ, ದುಷ್ಟ ಅಂತಲೇ ಕರೀತಾರೆ, ಒಬ್ಬ ಮುಗ್ಧ, ನಾಲ್ಕನೆಯವನಿಗೆ ಪ್ರಶ್ನೆ ಕೇಳೋಕೂ ಬರಲ್ಲ. ಧರ್ಮಶಾಸ್ತ್ರದಲ್ಲಿ ನಾಲ್ಕು ಕಡೆ ಮಗನಿಗೆ ಐಗುಪ್ತದ ಬಿಡುಗಡೆಯ ಬಗ್ಗೆ ಹೇಳು ಅನ್ನೋ ಆಜ್ಞೆ ಇದೆ, ವಿಮೋಚನಕಾಂಡ 12 ಮತ್ತು 13, ಧರ್ಮೋಪದೇಶಕಾಂಡ 6. ನಾವಾದ್ರೆ ದೇವರು ಒಂದೇ ಮಾತನ್ನ ನಾಲ್ಕು ಸಲ ಹೇಳಿದ ಅಂತ ದಾಟಿ ಹೋಗ್ತೀವಿ. ಅವರು ಅಂದರು, ಇಲ್ಲ, ನಾಲ್ಕು ಥರದ ಮಕ್ಕಳಿದ್ದಾರೆ, ಅದಕ್ಕೆ ನಾಲ್ಕು ಉತ್ತರ. ಜಾಣನಿಗೆ ವಿವರ. ಎದುರು ಮಾತಾಡೋನಿಗೆ ಖಾರವಾದ ಉತ್ತರ, ಆದರೆ ಅವನನ್ನೂ ಮೇಜಿನಿಂದ ಎಬ್ಬಿಸಲ್ಲ. ಮುಗ್ಧನಿಗೆ ಒಂದೇ ಸರಳ ವಾಕ್ಯ. ಕೇಳೋಕೆ ಬರದವನಿಗೆ? ಅವನು ಕೇಳಲಿ ಅಂತ ಕಾಯಬೇಡ, ನೀನೇ ಶುರು ಮಾಡು ಅಂತ ಇದೆ.

ಆ ನಾಲ್ಕನೇ ಮಗು ಪ್ರತಿ ಮನೆಯಲ್ಲೂ ಇದೆ. ತೊಂದರೆ ಕೊಡಲ್ಲ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್‌ಗೆ ಅವನ ಬಗ್ಗೆ ಹೇಳೋಕೆ ಏನೂ ಇರಲ್ಲ. "ಅವನಾ? ಅವನು ಪಾಪ, ಏನೂ ಕೇಳಲ್ಲ" ಅಂತ ನಾವೂ ಹೊಗಳ್ತೀವಿ. ಸಂಡೇ ಸ್ಕೂಲ್ ಟೀಚರ್ಸ್, ನಿಮ್ಮ ಕ್ಲಾಸ್‌ನಲ್ಲಿ ಆ ಮಗು ಯಾರು? ಈಗಲೇ ಒಂದು ಹೆಸರು ಮನಸ್ಸಿಗೆ ಬಂದ್ರೆ ಬರೆದಿಟ್ಟುಕೊಳ್ಳಿ.

ಇನ್ನು ಶುಕ್ರವಾರದ ರಾತ್ರಿ. ಇದು ನನಗೆ ಬಹಳ ಇಷ್ಟವಾದ ವಿಷಯ. ಸೂರ್ಯ ಮುಳುಗೋ ಹೊತ್ತಿಗೆ ಸಬ್ಬತ್ ಶುರು. ತಾಯಿ ದೀಪ ಹಚ್ಚುತ್ತಾಳೆ. ಊಟಕ್ಕೆ ಮುಂಚೆ ತಂದೆ, ಎಷ್ಟೋ ಮನೆಗಳಲ್ಲಿ ತಾಯಿಯೂ, ಮಕ್ಕಳ ತಲೆ ಮೇಲೆ ಕೈ ಇಟ್ಟು ಆಶೀರ್ವದಿಸ್ತಾರೆ. ಗಂಡುಮಕ್ಕಳಿಗೆ ಎಫ್ರಾಯೀಮ್ ಮನಸ್ಸೆಯರ ಹಾಗಾಗು ಅಂತ. ಹೆಣ್ಣುಮಕ್ಕಳಿಗೆ ಸಾರಾ, ರೆಬೆಕ್ಕ, ರಾಹೇಲ್, ಲೇಯಾ ಇವರ ಹಾಗಾಗು ಅಂತ. ಆಮೇಲೆ ಅರಣ್ಯಕಾಂಡ 6ರ ಯಾಜಕರ ಆಶೀರ್ವಾದ. ಆ ಆಶೀರ್ವಾದ ಇಬ್ರಿಯದಲ್ಲಿ ಏಕವಚನದಲ್ಲಿದೆ. ಇಡೀ ಇಸ್ರಾಯೇಲಿನ ಮುಂದೆ ನಿಂತು ಹೇಳೋ ಆಶೀರ್ವಾದ, ಆದರೆ ನಿಮ್ಮನ್ನು ಅಲ್ಲ, ನಿನ್ನನ್ನು.

ಆ ಅಪ್ಪ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಿ, ಎಲ್ಲರಿಗೂ ಒಟ್ಟಿಗೆ ಹೇಳಿ ಊಟಕ್ಕೆ ಕೂರಬಹುದಿತ್ತು. ಹಸಿವೂ ಆಗಿರುತ್ತೆ. ರೂಢಿ ಹಾಗಿಲ್ಲ. ಒಬ್ಬರಾದ ಮೇಲೆ ಒಬ್ಬರು. ಕೆಲವು ಮನೆಗಳಲ್ಲಿ ಆಶೀರ್ವಾದ ಮುಗಿದ ಮೇಲೆ ಮಗುವಿನ ಕಿವಿಯಲ್ಲಿ ಆ ವಾರದ ಒಂದು ಮಾತು ಹೇಳ್ತಾರೆ. ಅದು ಬೇರೆ ಮಕ್ಕಳಿಗೆ ಕೇಳಿಸಲ್ಲ. ನೀನು ಅಜ್ಜಿಗೆ ಫೋನ್ ಮಾಡಿದ್ಯಲ್ಲ, ಅದು ನನಗೆ ಗೊತ್ತಾಯಿತು. ಪರೀಕ್ಷೆಯಲ್ಲಿ ಕಡಿಮೆ ಬಂದಾಗ ಸುಳ್ಳು ಹೇಳಲಿಲ್ಲ, ಅದನ್ನ ನೋಡಿದೆ. ಇಂಥ ಮಾತು. ಎರಡು ನಿಮಿಷ ಆಗಲ್ಲ. ಆದರೆ ಲೆಕ್ಕ ಹಾಕಿ, ವರ್ಷಕ್ಕೆ 52 ಶುಕ್ರವಾರ, ಹದಿನೆಂಟು ವರ್ಷಕ್ಕೆ ಒಂಬೈನೂರಕ್ಕೂ ಹೆಚ್ಚು ಸಲ ಒಂದು ಕೈ ತಲೆ ಮೇಲೆ ಬರುತ್ತೆ. ಏಸಾವನಿಗೆ ಅಪ್ಪನ ಆಶೀರ್ವಾದ ಅನ್ನೋದು ಜೀವಮಾನದಲ್ಲಿ ಒಂದೇ ಸಲ ಸಿಗೋ ವಸ್ತು ಆಗಿತ್ತು. ತಪ್ಪಿಹೋದ್ರೆ ಹೋಯಿತು.

ನಮ್ಮಲ್ಲಿ ತಲೆ ಮೇಲೆ ಕೈ ಇಡೋದಕ್ಕೆ ಏನು ಕಡಿಮೆ? ನಾವು ಪೆಂಟೆಕೋಸ್ಟಲ್ ಜನ, ಸಿಕ್ಕಿದವರ ಮೇಲೆಲ್ಲ ಕೈ ಇಟ್ಟು ಪ್ರಾರ್ಥಿಸ್ತೀವಿ! ನಾನು ಈ ಹಾಲ್‌ನಲ್ಲಿ ಎಷ್ಟು ತಲೆ ಮೇಲೆ ಕೈ ಇಟ್ಟಿದ್ದೀನೋ ಲೆಕ್ಕ ಇಲ್ಲ. ನನ್ನ ಚಿಕ್ಕ ಮಗಳ ತಲೆ ಮೇಲೆ, ಜ್ವರ ಬಂದಾಗ ಬಿಟ್ಟು, ಯಾವಾಗ ಇಟ್ಟಿದ್ದೆ ಅಂತ ಆ ಕ್ರಿಸ್‌ಮಸ್ ರಾತ್ರಿ ಯೋಚಿಸಿದೆ. ನೆನಪಾಗಲಿಲ್ಲ.

ಒಬ್ಬ ಮನುಷ್ಯನ ಬಗ್ಗೆ ಹೇಳ್ಬೇಕು. ಪೋಲೆಂಡ್ ದೇಶ, ವಾರ್ಸಾ ನಗರ. ಯಾನುಷ್ ಕೋರ್ಚಾಕ್ ಅನ್ನೋ ಮಕ್ಕಳ ಡಾಕ್ಟರ್. ಅದು ಅವರು ಬರೆಯೋಕೆ ಇಟ್ಟುಕೊಂಡ ಹೆಸರು, ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಯೆಹೂದಿ ಮನೆತನ, ಆಚಾರ ವಿಚಾರದಲ್ಲಿ ಅಂಥ ನಿಷ್ಠರೇನಲ್ಲ. 1912ರಲ್ಲಿ ಕ್ರೋಖ್ಮಾಲ್ನಾ ಬೀದಿಯಲ್ಲಿ ಯೆಹೂದಿ ಅನಾಥ ಮಕ್ಕಳಿಗಾಗಿ ಒಂದು ಮನೆ ಶುರುವಾಯಿತು, ಅದನ್ನ ಅವರೂ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅನ್ನೋ ಮಹಾತಾಯಿಯೂ ಸೇರಿ ನಡೆಸಿದರು. ನೂರರಷ್ಟು ಮಕ್ಕಳು. ಒಂದು ಮಗು ಕಾಣೆಯಾದ್ರೂ ಗೊತ್ತಾಗದ ಹಾಗೆ ಅಂಥ ಕಡೆ ಮಕ್ಕಳು ಗುಂಪಾಗಿಬಿಡ್ತಾರೆ. ಕೋರ್ಚಾಕ್ ವಾರಕ್ಕೊಮ್ಮೆ ತಾವೇ ಒಂದೊಂದು ಮಗುವನ್ನೂ ತೂಗಿ, ಅಳೆದು, ಬರೆದಿಡ್ತಿದ್ದರು. ತೂಕ ಮಾತ್ರ ಅಲ್ಲ, ಆ ಒಂದೆರಡು ನಿಮಿಷ ಆ ಮಗು ಒಂದೇ ಡಾಕ್ಟರ್ ಮುಂದೆ. ಅಲ್ಲೊಂದು ಅಂಚೆ ಡಬ್ಬಿ ಇಟ್ಟಿದ್ದರು. ಬಾಯಿಬಿಟ್ಟು ಹೇಳೋಕೆ ಆಗದ ಮಗು ಚೀಟಿ ಬರೆದು ಹಾಕಬಹುದು, ದೂರು, ಬೇಡಿಕೆ, ಏನಾದ್ರೂ. ಅವರು ಓದಿ ಉತ್ತರ ಕೊಡ್ತಿದ್ದರು. ಮಕ್ಕಳನ್ನ ಪ್ರೀತಿಸೋದು ಹೇಗೆ ಅಂತಲೇ ಒಂದು ಪುಸ್ತಕ ಬರೆದರು.

ಆಮೇಲೆ ನಾಜಿಗಳು ಬಂದರು. 1940ರಲ್ಲಿ ಆ ಮನೆಯನ್ನ ಗೋಡೆ ಕಟ್ಟಿದ ಘೆಟ್ಟೋ ಒಳಗೆ ಸ್ಥಳಾಂತರಿಸಿದರು. ಕೋರ್ಚಾಕ್‌ಗೆ ಹೊರಗೆ ಸ್ನೇಹಿತರಿದ್ದರು, ತಪ್ಪಿಸಿಕೊಳ್ಳೋಕೆ ದಾರಿ ಮಾಡಿಕೊಡ್ತೀವಿ ಅಂದರು. ಹೋಗಲಿಲ್ಲ. 1942ರ ಆಗಸ್ಟ್‌ನಲ್ಲಿ ಸುಮಾರು 200 ಮಕ್ಕಳ ಜೊತೆ ಡಾಕ್ಟರ್, ಸ್ಟೆಫಾನಿಯಾ, ಉಳಿದ ಸಿಬ್ಬಂದಿ ರೈಲು ಹತ್ತಲು ನಡೆದುಹೋದರು. ರೈಲು ಹೋಗಿದ್ದು ಟ್ರೆಬ್ಲಿಂಕಾಗೆ. ಯಾರೂ ವಾಪಸ್ ಬರಲಿಲ್ಲ.

ನಾನು ಇದನ್ನ ಕಣ್ಣೀರು ತರಿಸೋಕೆ ಹೇಳ್ತಾ ಇಲ್ಲ. ಆ ಮಕ್ಕಳನ್ನ ಕರೆದುಕೊಂಡು ಹೋದವರ ಕಾಗದದಲ್ಲಿ ಅವರು ಬರೀ ಲೆಕ್ಕ. ಇಷ್ಟು ತಲೆ. ಆದರೆ ಅವರ ಪಕ್ಕದಲ್ಲಿ ನಡೀತಿದ್ದ ಮನುಷ್ಯನಿಗೆ ಒಂದೊಂದು ಮಗುವಿನ ತೂಕ ಗೊತ್ತಿತ್ತು.

ಯೆಹೂದ್ಯರ ಮಿಷ್ನಾದಲ್ಲಿ, ಸನ್ಹೆದ್ರಿನ್ ಭಾಗದಲ್ಲಿ, ಒಂದು ಹೋಲಿಕೆ ಇದೆ. ಮನುಷ್ಯ ಒಂದೇ ಅಚ್ಚಿನಿಂದ ಎಷ್ಟು ನಾಣ್ಯ ಹೊಡೆದರೂ ಎಲ್ಲಾ ಒಂದೇ ಥರ ಬರುತ್ತೆ. ದೇವರು ಎಲ್ಲರನ್ನೂ ಆದಾಮನ ಅಚ್ಚಿನಲ್ಲೇ ಮಾಡಿದ, ಒಬ್ಬನೂ ಇನ್ನೊಬ್ಬನ ಹಾಗಿಲ್ಲ. ಒಳ್ಳೇದು. ಮುಂದೆ ಹೋಗೋಣ, ಟೈಮ್ ಆಗ್ತಾ ಇದೆ.

ಯಾಕೋಬನಿಗೆ ಏನಾಯಿತು? ಮೋಸದಿಂದ ಆಶೀರ್ವಾದ ತಗೊಂಡವನು, ಅಂಗಿ ಕೊಟ್ಟು ಮನೆ ಒಡೆದವನು. ಆದಿಕಾಂಡ 49ಕ್ಕೆ ಬನ್ನಿ. ಸಾಯೋ ಮಂಚದ ಮೇಲೆ ಹನ್ನೆರಡು ಮಕ್ಕಳನ್ನೂ ಕರೀತಾನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮಾತು. ಯೆಹೂದ ಸಿಂಹದ ಮರಿ, ನಫ್ತಾಲಿ ಜಿಂಕೆ, ಬೆನ್ಯಾಮೀನ ತೋಳ. ಎಲ್ಲಾ ಸಿಹಿ ಮಾತಲ್ಲ, ರೂಬೇನ ಸಿಮೆಯೋನ ಲೇವಿಯರು ಚೆನ್ನಾಗಿ ಬೈಸಿಕೊಂಡರು. ಆದರೆ 28ನೇ ವಚನ ಹೇಳುತ್ತೆ, ಒಬ್ಬೊಬ್ಬನಿಗೂ ಅವನವನಿಗೆ ತಕ್ಕ ಆಶೀರ್ವಾದ ಕೊಟ್ಟ ಅಂತ. ಅಪ್ಪಾ, ಒಂದೇ ಆಶೀರ್ವಾದವಾ ಅಂತ ಅಣ್ಣ ಅತ್ತಿದ್ದನಲ್ಲ, ತಮ್ಮನಿಗೆ ಉತ್ತರ ಸಿಗೋಕೆ ಇಡೀ ಆಯುಷ್ಯ ಬೇಕಾಯಿತು. ಕೆಟ್ಟ ತಂದೆಯಾಗಿದ್ದವನೂ ಕೊನೆಗೆ ಕಲಿತ. ಇದು ಇಲ್ಲಿ ಕೂತಿರೋ ಎಲ್ಲಾ ಅಪ್ಪಂದಿರಿಗೆ ಸುವಾರ್ತೆ. ಆಮೆನ್ ಹೇಳಿ.

ಲೂಕ 15ರಲ್ಲಿ ನಮ್ಮ ಕರ್ತನು ಹೇಳಿದ ಕಥೆಯಲ್ಲೂ ಇಬ್ಬರು ಗಂಡುಮಕ್ಕಳು. ಆ ತಂದೆ ಎರಡು ಸಲ ಮನೆ ಬಿಟ್ಟು ಹೊರಗೆ ಬರ್ತಾನೆ. ಒಂದು ಸಲ ಓಡಿ ಬರ್ತಾನೆ, ಹಸಿದು ಬಂದ ಚಿಕ್ಕವನ ಹತ್ತಿರ, ಅವನಿಗೆ ಅಪ್ಪುಗೆ, ಅಂಗಿ, ಉಂಗುರ. ಇನ್ನೊಂದು ಸಲ ಊಟದ ಮಧ್ಯೆ ಎದ್ದು ಬರ್ತಾನೆ, ಮುನಿಸಿಕೊಂಡು ಅಂಗಳದಲ್ಲಿ ನಿಂತ ದೊಡ್ಡವನ ಹತ್ತಿರ. ಅವನಿಗೆ ಅಂಗಿ ಕೊಡಲ್ಲ, ಬೇಕಾಗಿದ್ದೂ ಅದಲ್ಲ. ಅವನನ್ನ ಮಗನೇ ಅಂತ ಕರೆದು, ನನ್ನದೆಲ್ಲಾ ನಿನ್ನದೇ ಅಂತ ಬೇಡಿಕೊಳ್ತಾನೆ. ನಾವು ಚರ್ಚ್‌ನಲ್ಲಿ ಹುಟ್ಟಿ ಬೆಳೆದವರು, ಸಾಕ್ಷಿ ಹೇಳೋಕೆ ದೊಡ್ಡ ಕಥೆ ಇಲ್ಲದವರು, ಆ ಅಂಗಳದಲ್ಲಿ ಎಷ್ಟು ಸಲ ನಿಂತಿದ್ದೀವಿ!

ಕೊನೇ ವಾಕ್ಯ, ಅಪೊಸ್ತಲರ ಕೃತ್ಯಗಳು 2. ನಮ್ಮ ಸ್ವಂತ ಅಧ್ಯಾಯ. ಪಂಚಾಶತ್ತಮ ದಿನ ಯೆಹೂದ್ಯರ ವಾರಗಳ ಹಬ್ಬ. ಸೀನಾಯಿಯಲ್ಲಿ ಧರ್ಮಶಾಸ್ತ್ರ ಸಿಕ್ಕಿದ್ದನ್ನ ಆ ದಿನ ಅವರು ನೆನೆಸಿಕೊಳ್ತಾರೆ. ಸೀನಾಯಿಯ ಬಗ್ಗೆ ಅವರ ಹಿರಿಯರು ಹೇಳೋ ಮಾತೊಂದಿದೆ: ದೇವರ ಧ್ವನಿ ಒಂದೇ, ಆದರೆ ಮುದುಕರಿಗೆ ಅವರ ಶಕ್ತಿಗೆ ತಕ್ಕಷ್ಟು, ಯೌವನಸ್ಥರಿಗೆ ಅವರ ಶಕ್ತಿಗೆ ತಕ್ಕಷ್ಟು, ಎಳೆ ಮಕ್ಕಳಿಗೆ ಅವರ ಶಕ್ತಿಗೆ ತಕ್ಕಷ್ಟು ಕೇಳಿಸಿತು ಅಂತ. ಈಗ ಮೇಲಂತಸ್ತಿನ ಕೋಣೆ ನೋಡಿ. ಬೆಂಕಿ ಕೋಣೆ ಮೇಲೆ ಬೀಳಲಿಲ್ಲ. ವಿಂಗಡವಾಗಿ, ಒಬ್ಬೊಬ್ಬರ ಮೇಲೂ ಕೂತುಕೊಂಡಿತು. 3ನೇ ವಚನ. ಹೊರಗೆ ನಿಂತವರು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ಕೇಳಿದರು. ಒಂದೇ ಆತ್ಮ, 120 ತಲೆ, ಪ್ರತಿ ತಲೆಗೂ ಒಂದು ಜ್ವಾಲೆ. ಹಲ್ಲೆಲೂಯಾ! ಅಪ್ಪಾ, ನಿನ್ನ ಹತ್ತಿರ ಒಂದೇ ಆಶೀರ್ವಾದವಾ?

ಮ್ಯೂಸಿಕ್ ಟೀಮ್ ಬನ್ನಿ. ಕೀಬೋರ್ಡ್ ಮಾತ್ರ ಸಾಕು, ಮೆತ್ತಗೆ.

ಮಕ್ಕಳನ್ನ ಯಾಕೆ ಇಲ್ಲೇ ಕೂರಿಸಿದ್ದೀವಿ ಅಂತ ಈಗ ಹೇಳ್ತೀನಿ. ಮಕ್ಕಳಿರೋರು ನಿಮ್ಮ ಜಾಗದಲ್ಲೇ ಇರಿ. ಇಬ್ಬರಿದ್ದರೆ ಒಬ್ಬರ ತಲೆ ಮೇಲೆ ಮೊದಲು ಕೈ ಇಡಿ, ಇನ್ನೊಬ್ಬರು ಕಾಯಲಿ, ಅವರ ಸರದಿ ಬರುತ್ತೆ. ಎರಡು ಕೈ ಎರಡು ತಲೆ ಮೇಲೆ ಇಡಬೇಡಿ. ಹೆಸರು ಹಿಡಿದು ಪ್ರಾರ್ಥಿಸಿ. ಪ್ರಾರ್ಥನೆ ಆದ ಮೇಲೆ ಕಿವಿಯಲ್ಲಿ ಒಂದು ಮಾತು ಹೇಳಿ, ಈ ವಾರ ನೀವು ಆ ಮಗುವಿನಲ್ಲಿ ನೋಡಿದ್ದು. ಏನೂ ನೆನಪಾಗ್ತಿಲ್ಲ ಅಂದ್ರೆ ಸುಳ್ಳು ಕಟ್ಟಬೇಡಿ, ಕ್ಷಮೆ ಕೇಳಿ. ನಾಳೆ ಕೊತ್ತಂಬರಿ ಸೊಪ್ಪು ತರೋಕೆ ಹೋಗುವಾಗ ಆ ಒಬ್ಬನನ್ನೇ ಕರಕೊಂಡು ಹೋಗಿ, ಫೋನ್ ಮನೆಯಲ್ಲಿ ಬಿಟ್ಟು. ಅವನು ಮಾತಾಡದಿದ್ದರೆ ಸುಮ್ಮನೆ ಜೊತೆಗೆ ನಡೀರಿ.

ಇನ್ನು ಆ ಪ್ರಶ್ನೆ ಹೊತ್ತುಕೊಂಡು ಬಂದವರು. ನಿಮ್ಮ ಅಪ್ಪ ಇನ್ನೂ ಇರಬಹುದು, ಇಲ್ಲದೇ ಇರಬಹುದು. ಇಪ್ಪತ್ತೈದು ವಯಸ್ಸಾಗಿರಬಹುದು, ನಲವತ್ತು ದಾಟಿರಬಹುದು. ಮುಂದೆ ಬನ್ನಿ. ನಾನು, ನನ್ನ ಹೆಂಡತಿ, ನಾಲ್ಕು ಜನ ಹಿರಿಯರು ಇಲ್ಲಿರ್ತೀವಿ. ಸಾಲು ಉದ್ದ ಆಗುತ್ತೆ, ಗೊತ್ತು. ಮಧ್ಯಾಹ್ನದ ಊಟ ತಡ ಆಗುತ್ತೆ, ಬಸ್ ಇರೋರು ಹೋಗಿ, ಸಂಜೆ ಕೂಟಕ್ಕೆ ಬಂದಾಗ ಮಾಡೋಣ. ಆದರೆ ಗುಂಪಾಗಿ ನಿಲ್ಲಿಸಿ ಪ್ರಾರ್ಥಿಸಲ್ಲ ಇವತ್ತು. ಒಬ್ಬೊಬ್ಬರಾಗಿ.

ತಂದೆಯೇ, ಇಲ್ಲಿ ನಿಂತಿರೋ ಪ್ರತಿಯೊಬ್ಬರ ತಲೆಕೂದಲೂ ನಿನಗೆ ಲೆಕ್ಕ ಇದೆ. ನಮ್ಮ ಮಂಜು ಕಣ್ಣು ತೆರೆ. ಯೇಸುವಿನ ನಾಮದಲ್ಲಿ. ಆಮೆನ್.

ಬನ್ನಿ ತಮ್ಮಾ, ನಾಚಿಕೋಬೇಡಿ. ಮೊದಲು ನಿಮ್ಮ ಹೆಸರು ಹೇಳಿ.